ಐಝೈ: ಹಳೆಯ ತಿರುವುಗಳ ಮೇಲೊಂದು ತೂಗುಸೇತುವೆ

ಚೀನಾದ ಹುನಾನ್ ಪ್ರಾಂತಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಝಾಂಗ್‌ಜಿಯಾಜಿಯೆಯ ಕಲ್ಲುಕಂಬದಂಥ ಬೆಟ್ಟಗಳನ್ನು ನೋಡಿ, ಅಲ್ಲಿನ ಗಾಜಿನ ಸೇತುವೆ ಮೇಲೆ ಫೋಟೋ ತೆಗೆಸಿಕೊಂಡು ವಾಪಸಾಗುತ್ತಾರೆ. ಅಲ್ಲಿಂದ ರೈಲಿನಲ್ಲಿ ಮುಂದೆ ಹೋದರೆ ಒಂದು ಗಂಟೆಯೊಳಗೆ ಜಿಶೋ ಸಿಗುತ್ತದೆ. ಜಿಶೋದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ ಐಝೈ ಕಣಿವೆ. ಆ ಕಣಿವೆಯ ತಳದಿಂದ 330 ಮೀಟರಿಗೂ ಹೆಚ್ಚು ಎತ್ತರದಲ್ಲಿ, ನಾಲ್ಕು ಲೇನಿನ ಹೆದ್ದಾರಿಯನ್ನು ಹೊತ್ತ ಒಂದು ತೂಗುಸೇತುವೆ ಇದೆ. ನಾವು ಹೋದದ್ದು ಅದಕ್ಕೋಸ್ಕರವೇ.

ನಾವು ಅಂದರೆ ನಾನು ಮತ್ತು ಭಾವ. ಭಾವ ಸಂಪಾಜೆ, ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಜೀವನವಿಡೀ ಲಾರಿ ಓಡಿಸಿದವರು. ಈಗ ಲಾರಿ ಮಗನ ಕೈಗೆ ಕೊಟ್ಟು ತೋಟ ನೋಡಿಕೊಂಡಿದ್ದಾರೆ. ಇಬ್ಬರೂ ಸುಳ್ಯದ ಕಡೆಯವರು. ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದ್ದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಆಮೇಲೆ ಅವರು ದೇಶದ ಬೇರೆ ಬೇರೆ ಕಡೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಶಾಲೆಗೆ, ಡೈರಿಗೆ, ಪೇಟೆಗೆ ಅಂಥ ಸೇತುವೆ ಮೇಲೆ ನಡೆದವರಿಗೆ, ಅದೇ ತತ್ವದ ಮೇಲೆ ಲಾರಿಗಳನ್ನೇ ದಾಟಿಸುವ ಸೇತುವೆ ನೋಡಬೇಕು ಅನ್ನಿಸುತ್ತದೆ, ಅಲ್ವಾ?

ಮೊದಲ ದಿನ: ಗುವಾಂಗ್‌ಝೌ, ಚಾಂಗ್‌ಶಾ

ಭಾರತೀಯರಿಗೆ ಚೀನಾದ ಪ್ರವಾಸಿ ವೀಸಾ 2025ರ ಜುಲೈಯಿಂದ ಮತ್ತೆ ಸಿಗುತ್ತಿದೆ. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೋಲ್ಕತಾದಿಂದ ಗುವಾಂಗ್‌ಝೌಗೆ ನೇರ ವಿಮಾನವೂ ಶುರುವಾಯಿತು. ನಾವು ಬೆಂಗಳೂರಿನಿಂದ ಕೋಲ್ಕತಾಕ್ಕೆ ಹೋಗಿ ಆ ರಾತ್ರಿ ವಿಮಾನ ಹಿಡಿದೆವು. ಬೆಳಗಿನ ಜಾವ ಗುವಾಂಗ್‌ಝೌ. ಅಲ್ಲಿಂದ ವೇಗದ ರೈಲಿನಲ್ಲಿ ಚಾಂಗ್‌ಶಾ, ಎರಡೂವರೆ ಗಂಟೆ ಚಿಲ್ಲರೆ.

ಹೋಗುವವರಿಗೆ ಎರಡು ಮಾತು. ಫೋನಿನಲ್ಲಿ ಅಲಿಪೇ ಹಾಕಿ ನಿಮ್ಮ ಕಾರ್ಡನ್ನು ಅದಕ್ಕೆ ಜೋಡಿಸಿಕೊಂಡೇ ಹೊರಡಿ. ರಸ್ತೆ ಬದಿಯಲ್ಲಿ ಕಿತ್ತಳೆ ಮಾರುವವರ ಹತ್ತಿರವೂ ಕ್ಯೂಆರ್ ಕೋಡ್ ಇರುತ್ತದೆ. ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಕಣಿವೆಯೊಳಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಭಾವ ಸಸ್ಯಾಹಾರಿ. ಅವರ ಬ್ಯಾಗಿನ ಅರ್ಧ ಭಾಗ ಅವಲಕ್ಕಿಯೇ ಇತ್ತು.

ಎರಡನೇ ದಿನ: ಜಿಶೋ

ಚಾಂಗ್‌ಶಾದಿಂದ ಜಿಶೋ ಪೂರ್ವ ನಿಲ್ದಾಣಕ್ಕೆ ರೈಲು. ಝಾಂಗ್‌ಜಿಯಾಜಿಯೆಯಲ್ಲಿ ಬೋಗಿ ಮುಕ್ಕಾಲು ಖಾಲಿ. ಅಲ್ಲಿಂದ ಮುಂದಿನ ಹಳಿ 2021ರ ಡಿಸೆಂಬರಿನಲ್ಲಿ ತೆರೆದದ್ದು, ಬಹುಪಾಲು ಸುರಂಗ ಮತ್ತು ಸೇತುವೆಗಳೇ. ಒಂದು ಹಳ್ಳಿ, ಒಂದು ಕಿತ್ತಳೆ ತೋಟ ಕಣ್ಣಿಗೆ ಬೀಳುವಷ್ಟರಲ್ಲಿ ಮತ್ತೆ ಕತ್ತಲೆ. ವುಲಿಂಗ್ ಬೆಟ್ಟಸಾಲು ಎಂಥದ್ದು ಅಂತ ಈ ಕತ್ತಲೆಯಲ್ಲೇ ಅರ್ಥವಾಗುತ್ತದೆ. ಇಲ್ಲಿ ಸಪಾಟು ಜಾಗ ಅಂದರೆ ಹೊಳೆಯ ಪಕ್ಕದ ಒಂದು ಪಟ್ಟಿ ಅಷ್ಟೇ.

ಜಿಶೋ ಶಿಯಾಂಗ್‌ಶಿ ಪ್ರದೇಶದ ಆಡಳಿತ ಕೇಂದ್ರ. ತುಜಿಯಾ ಮತ್ತು ಮಿಯಾವ್ ಜನರ ಸ್ವಾಯತ್ತ ಪ್ರದೇಶ ಇದು. ಬಸ್ ನಿಲ್ದಾಣದ ಹತ್ತಿರ ಮಿಯಾವ್ ಹೆಂಗಸರು ದಪ್ಪ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು, ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ನವೆಂಬರ್ ಇಲ್ಲಿ ಕಿತ್ತಳೆ ಕಾಲ. ಸಿಪ್ಪೆ ಸಡಿಲ, ಒಳಗೆ ಸಕ್ಕರೆ. ಸಂಜೆ ತುಂತುರು ಮಳೆ. ಅಕ್ಕಿ ಶ್ಯಾವಿಗೆಯ ಬಿಸಿ ಬಟ್ಟಲಿಗೆ ಹುಳಿ ಸೊಪ್ಪು, ಒಣಮೆಣಸು ಹಾಕಿ ತಿಂದು ಬೇಗ ಮಲಗಿದೆವು.

ಮೂರನೇ ದಿನ: ಹಳೆಯ ರಸ್ತೆ

ಜಿಶೋಗೆ ಬಂದ ಹೆಚ್ಚಿನವರು ಟಿಕೆಟ್ ತೆಗೆದು ನೇರ ಸೇತುವೆಗೇ ಹೋಗುತ್ತಾರೆ. ನಾನು ಮೊದಲು ಹಳೆಯ ರಸ್ತೆ ನೋಡೋಣ ಅಂದೆ. ಭಾವನಿಗೆ ಅದೇ ಬೇಕಿತ್ತು.

ಐಝೈ ಒಂದು ಸಣ್ಣ ಪೇಟೆ, ಕಣಿವೆಯ ತಳದಲ್ಲಿದೆ. ಸುತ್ತ ಸುಣ್ಣಕಲ್ಲಿನ ಗೋಡೆಗಳು, ನೆಟ್ಟಗೆ. ಪೇಟೆಯ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಸೇತುವೆ ಕಾಣುತ್ತದೆ. ಆದರೆ ಅದು ಸೇತುವೆ ಅಂತ ಮೊದಲ ನೋಟಕ್ಕೆ ಹೊಳೆಯುವುದಿಲ್ಲ, ಅಷ್ಟು ಮೇಲಿದೆ. ಎರಡು ಬೆಟ್ಟಗಳ ನಡುವೆ ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದಂತೆ. ಅದರ ಮೇಲೆ ಹೋಗುವ ಲಾರಿಯ ಸದ್ದು ಕೆಳಗೆ ಕೇಳಿಸಲಿಲ್ಲ.

ಟ್ಯಾಕ್ಸಿಯಲ್ಲಿ ಹಳೆಯ ರಸ್ತೆಯ ತುದಿಗೆ ಹೋಗಿ, ಅಲ್ಲಿಂದ ನಡೆದು ಇಳಿಯುವುದು ಅಂತ ತೀರ್ಮಾನ. ಓಡಿಸಿದ್ದು ನಲವತ್ತರ ಆಸುಪಾಸಿನ ಹೆಣ್ಣುಮಗಳು. ತಿರುವಿನಲ್ಲಿ ಹಾರನ್ ಒತ್ತಿ, ಎದುರಿನ ಪೀನ ಕನ್ನಡಿ ಒಮ್ಮೆ ನೋಡಿ, ಗೇರ್ ಬದಲಿಸಿ ಏರಿಸುವ ಅವಳ ಕ್ರಮವನ್ನು ಭಾವ ಮುಂದಿನ ಸೀಟಿನಲ್ಲಿ ಕೂತು ಮೆಚ್ಚಿಕೊಂಡೇ ನೋಡುತ್ತಿದ್ದರು. "ಇವಳಿಗೆ ಘಾಟಿ ಗೊತ್ತುಂಟು ಮಾರಾಯ" ಅಂದರು. ಅನುವಾದ ಮಾಡಿ ತೋರಿಸಿದೆ. ಅವಳು ನಕ್ಕು, ತನ್ನ ಅಪ್ಪನೂ ಇದೇ ರಸ್ತೆಯಲ್ಲಿ ಟ್ರಕ್ ಓಡಿಸಿದವನು ಅಂತ ಫೋನಿಗೆ ಹೇಳಿದಳು. ಅಲ್ಲಿಂದ ಮುಂದೆ ಭಾವ ಮತ್ತು ಅವಳ ನಡುವೆ ಬ್ರೇಕ್, ಮಂಜು, ರಾತ್ರಿ ಪ್ರಯಾಣದ ಬಗ್ಗೆ ನನ್ನ ಫೋನ್ ಮೂಲಕ ದೊಡ್ಡ ಮಾತುಕತೆ.

ಈ ರಸ್ತೆ ಕಟ್ಟಿದ್ದು 1930ರ ದಶಕದ ನಡುವಿನಲ್ಲಿ. ಹುನಾನನ್ನು ಸಿಚುವಾನ್ ಕಡೆಗೆ ಸೇರಿಸುವ ಹೆದ್ದಾರಿಯ ಭಾಗ ಇದು. ಈ ಏರಿನ ಉದ್ದ ಸುಮಾರು 6 ಕಿಲೋಮೀಟರ್. ಅಷ್ಟರಲ್ಲಿ ಸುಮಾರು 440 ಮೀಟರ್ ಎತ್ತರ ಏರಬೇಕು. 13 ಕಡಿದಾದ ತಿರುವುಗಳು. ನಮ್ಮ ಆಗುಂಬೆಯಲ್ಲಿ 14 ಇವೆ, ಹಾಗಾಗಿ ಸಂಖ್ಯೆ ಕೇಳಿ ನಮಗೆ ದೊಡ್ಡದು ಅನ್ನಿಸಲಿಕ್ಕಿಲ್ಲ. ವ್ಯತ್ಯಾಸ ಇರುವುದು ಬೆಟ್ಟದಲ್ಲಿ. ಆಗುಂಬೆಯಲ್ಲಿ ಮಣ್ಣಿದೆ, ಕಾಡಿದೆ, ರಸ್ತೆಗೆ ಹರಡಿಕೊಳ್ಳಲು ಜಾಗವಿದೆ. ಇಲ್ಲಿ ಇರುವುದು ಬಂಡೆಯ ಒಂದೇ ಮೈ. ಇಡೀ ರಸ್ತೆಯನ್ನು ಆ ಒಂದು ಮೈಯೊಳಗೇ ಮಡಚಿ ಮಡಚಿ ಹತ್ತಿಸಿದ್ದಾರೆ. ಒಂದರ ಮೇಲೊಂದರಂತೆ ಹೆಚ್ಚುಕಡಿಮೆ ಸಮಾನಾಂತರವಾಗಿ 26 ತುಂಡು ರಸ್ತೆ. ಒಂದು ತುಂಡಿನಲ್ಲಿ ನಿಂತು ಕೆಳಗೆ ಇಣುಕಿದರೆ, ನಾವು ಇಳಿಯಬೇಕಾದ ರಸ್ತೆ ಕಾಲಡಿಯಲ್ಲೇ ಕಾಣುತ್ತದೆ.

ಒಂದು ಕಡೆ ವಾಹನ ತಿರುಗಿಸಲು ಸಾಕಾಗುವಷ್ಟು ಜಾಗವೇ ಬಂಡೆಯಲ್ಲಿ ಸಿಕ್ಕಿಲ್ಲ. ಅಲ್ಲಿ ಮಾಡಿದ ಉಪಾಯ ನೋಡಿ. ರಸ್ತೆಯನ್ನು ಮುಂಚಾಚಿದ ಒಂದು ಬಂಡೆಯ ದಿಬ್ಬದ ಕಡೆಗೆ ಬಿಟ್ಟು, ಅದನ್ನೊಂದು ಸುತ್ತು ಹಾಕಿಸಿ, ವಾಪಸ್ ತಂದು ತನ್ನದೇ ಮೇಲಿಂದ ಸಣ್ಣ ಸೇತುವೆಯಲ್ಲಿ ದಾಟಿಸಿದ್ದಾರೆ. ನಗರಗಳಲ್ಲಿ ಈಗ ಫ್ಲೈಓವರ್‌ಗೆ ಮಾಡುವ ಕೆಲಸವನ್ನು ಕೈಯಲ್ಲಿ ಸುತ್ತಿಗೆ, ಉಳಿ ಹಿಡಿದವರು ಆಗ ಮಾಡಿದ್ದಾರೆ. ಭಾವ ಆ ಸೇತುವೆಯ ಕೆಳಗೂ ಮೇಲೂ ಮತ್ತೆ ಮತ್ತೆ ನಡೆದರು. ಹೊರ ಅಂಚಿನ ಕಲ್ಲುಕಟ್ಟೆಯಲ್ಲಿ ಲಾರಿಗಳು ಉಜ್ಜಿದ ಗುರುತು ಮುಟ್ಟಿ ನೋಡಿದರು. "ಲೋಡ್ ಗಾಡಿ ಇಲ್ಲಿ ಒಂದೇ ಸಲಕ್ಕೆ ತಿರುಗಲಿಕ್ಕಿಲ್ಲ. ರಿವರ್ಸ್ ತೆಗೆದು ತಿರುಗಿಸಬೇಕು. ಹಿಂದೆ ಕ್ಲೀನರ್ ಕಲ್ಲು ಹಿಡಿದುಕೊಂಡು ನಿಲ್ಲಬೇಕು" ಅಂದರು. ಚಕ್ರದ ಹಿಂದೆ ಕಲ್ಲು ಕೊಡುವ ಕೆಲಸವನ್ನು ಅವರು ಹದಿನಾರನೇ ವಯಸ್ಸಿನಲ್ಲಿ ಮಾಡಿದವರು. ಅವರಿಗೆ ಈ ರಸ್ತೆ ಓದಲು ಭಾಷೆ ಬೇಕಾಗಲಿಲ್ಲ.

ಆ ದಿಬ್ಬದ ಮೇಲೆ ರಸ್ತೆ ಕಡಿದ ಕೆಲಸಗಾರನ ಕಂಚಿನ ಪ್ರತಿಮೆ ಇದೆ. ಈ ಏರು ಕಟ್ಟುವಾಗ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಯಂತ್ರಗಳಿಲ್ಲದ ಕಾಲ. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುವುದು, ಉಳಿದದ್ದನ್ನು ಕೈಯಿಂದಲೇ ಕಡಿಯುವುದು. ನಾನು ಪ್ರತಿಮೆಯ ಎದುರು ತುಂಬಾ ಹೊತ್ತು ನಿಂತೆ. ಇನ್ನೂರು ಜೀವ ಅಂದರೆ ಕಿಲೋಮೀಟರಿಗೆ ಮೂವತ್ತಕ್ಕಿಂತ ಜಾಸ್ತಿ. ನಾವು ಇಳಿಯುತ್ತಿದ್ದ ಒಂದೊಂದು ತಿರುವಿಗೂ ಲೆಕ್ಕ ಹಾಕಿದರೆ ಹದಿನೈದಕ್ಕಿಂತ ಜಾಸ್ತಿ. ಘಾಟಿ ರಸ್ತೆಗಳಲ್ಲಿ ನಾವು ಕಿಟಕಿಯಿಂದ ಹೊರಗೆ ನೋಡಿ ಚೆಂದ ಅನ್ನುತ್ತೇವೆ. ಕಡಿದವರ ಹೆಸರು ಎಲ್ಲಿಯೂ ಕೇಳುವುದಿಲ್ಲ, ನಮ್ಮಲ್ಲಿಯೂ ಅಷ್ಟೇ. ಇಲ್ಲಿ ಕೊನೇಪಕ್ಷ ಅವರಿಗೆಂದು ಒಂದು ಜಾಗ ಬಿಟ್ಟಿದ್ದಾರೆ. ಅದಕ್ಕೆ ಈ ಊರಿನ ಮೇಲೆ ನನಗೆ ಗೌರವ ಹುಟ್ಟಿತು.

ರಸ್ತೆ ಮುಗಿದ ಸ್ವಲ್ಪ ಸಮಯಕ್ಕೇ ಜಪಾನಿನ ಜೊತೆ ಯುದ್ಧ. 1937ರ ಕೊನೆಗೆ ಚೀನಾ ಸರ್ಕಾರ ಚೊಂಗ್‌ಚಿಂಗ್‌ಗೆ ಹೋಯಿತು. 1938ರಲ್ಲಿ ವುಹಾನ್ ಕೈಬಿಟ್ಟಿತು. ಪೂರ್ವದಿಂದ ಚೊಂಗ್‌ಚಿಂಗ್ ಕಡೆಗೆ ಸಾಮಾನು, ಸೈನಿಕರು, ಜೀವ ಉಳಿಸಿಕೊಳ್ಳಲು ಹೊರಟ ಜನ ಹೋದ ದಾರಿಗಳಲ್ಲಿ ಇದೂ ಒಂದು. ಆಗಿನ ಟ್ರಕ್ಕುಗಳು, ಆಗಿನ ಬ್ರೇಕುಗಳು, ಈ ತಿರುವುಗಳು. ಭಾವ ಆ ಮಾತು ಕೇಳಿ ಸುಮ್ಮನೆ ತಲೆ ಆಡಿಸಿದರು.

ಇಳಿಯುವ ದಾರಿಯಲ್ಲಿ ಒಂದು ಸಣ್ಣ ಹೋಟೆಲು ಸಿಕ್ಕಿತು. ಯಜಮಾನರಿಗೆ ಎಪ್ಪತ್ತರ ಹತ್ತಿರ. ಚಹಾ ಕೊಟ್ಟು, ನಮ್ಮ ಜೊತೆ ತಾನೂ ಬೆಂಚಿನಲ್ಲಿ ಕೂತರು. ಸೇತುವೆ ಆಗುವ ಮೊದಲು ಲಾರಿಯವರು ಇಲ್ಲೇ ಊಟಕ್ಕೆ ನಿಲ್ಲಿಸುತ್ತಿದ್ದರಂತೆ. ಒಂದು ಗಾಡಿ ತಿರುವಿನಲ್ಲಿ ಕೆಟ್ಟು ನಿಂತರೆ ಸಾಕು, ಮೇಲೂ ಕೆಳಗೂ ಸಾಲು. ಆಗ ಇವರು ಅನ್ನ, ಮೊಟ್ಟೆ, ಬಿಸಿನೀರು ಹೊತ್ತುಕೊಂಡು ಸಾಲಿನುದ್ದಕ್ಕೂ ಹೋಗಿ ಮಾರುತ್ತಿದ್ದರಂತೆ. ಈಗ ಲಾರಿ ಮೇಲಿಂದಲೇ ಹೋಗುತ್ತದೆ. ಕೆಳಗೆ ಬರುವವರು ಬೈಕಿನವರು, ಸೈಕಲ್ ತುಳಿಯುವವರು, ನಮ್ಮಂಥವರು. "ವ್ಯಾಪಾರ ಕಡಿಮೆಯಾಯ್ತಾ?" ಅಂತ ಭಾವ ಕೇಳಿಸಿದರು. ಕಡಿಮೆಯಾಯಿತು, ಆದರೆ ರಾತ್ರಿ ಗಾಡಿ ಬಿದ್ದ ಸದ್ದಿಗೆ ಎದ್ದು ಓಡುವುದೂ ನಿಂತಿತು ಅಂದರು ಅವರು. ಆಮೇಲೆ ಕೇಳುವುದಕ್ಕೆ ನಮ್ಮಲ್ಲಿ ಏನೂ ಉಳಿಯಲಿಲ್ಲ.

ನಾಲ್ಕನೇ ದಿನ: ಸೇತುವೆಯೊಳಗೆ

ಬೆಳಿಗ್ಗೆ ಕಣಿವೆ ತುಂಬಾ ಮಂಜು. ಟಿಕೆಟ್ ಕೌಂಟರಿನವರು ಒಂಬತ್ತೂವರೆ ಮೇಲೆ ತೆರವಾಗುತ್ತದೆ ಅಂದರು. ಅಲ್ಲಿಯವರೆಗೆ ಕಾದು, ಪ್ರವಾಸಿಗಳ ಬಸ್ಸು ಹತ್ತಿದೆವು.

ಇಲ್ಲಿ ನಡೆಯುವ ದಾರಿ ಹೆದ್ದಾರಿಯ ಪಕ್ಕದಲ್ಲಿಲ್ಲ, ಅದರ ಅಡಿಯಲ್ಲಿದೆ. ಸೇತುವೆಯ ಹೊಟ್ಟೆ ಅಂದರೆ ಉಕ್ಕಿನ ದೊಡ್ಡ ಜಾಲ. ತ್ರಿಕೋನ ತ್ರಿಕೋನವಾಗಿ ತೊಲೆಗಳನ್ನು ಜೋಡಿಸಿದ್ದಾರೆ. ಆ ಜಾಲದೊಳಗೆ ಎರಡೂ ಬದಿಯಲ್ಲಿ ಕಾಲುದಾರಿ. ತಲೆಯ ಮೇಲೆ ಲಾರಿ ಹೋಗುವಾಗ ಮೊದಲು ದೂರದಿಂದ ಗುಡುಗಿನಂಥ ಸದ್ದು ಬರುತ್ತದೆ, ಮೇಲೆ ಬಂದಾಗ ಕೈಗಂಬಿ ಸಣ್ಣಗೆ ನಡುಗುತ್ತದೆ, ಆಮೇಲೆ ಸದ್ದು ಆಚೆ ಬೆಟ್ಟದೊಳಗೆ ಹೋಗಿ ಮುಗಿಯುತ್ತದೆ. ನಾನು ಒಂದು ತೊಲೆಗೆ ಅಂಗೈ ಒತ್ತಿ ನಿಂತೆ. ಕಾರು ಹೋದರೆ ಏನೂ ಗೊತ್ತಾಗುವುದಿಲ್ಲ. ಬಸ್ಸು ಹೋದರೆ ಗೊತ್ತಾಗುತ್ತದೆ. ಉದ್ದ ಟ್ರೇಲರ್ ಹೋದರೆ ಅಂಗೈಯಿಂದ ಮೊಣಕೈಯವರೆಗೆ ಹತ್ತುತ್ತದೆ. ಬೋಲ್ಟುಗಳ ತಲೆ ನನ್ನ ಮುಷ್ಟಿಯ ಅರ್ಧದಷ್ಟು, ಸಾಲು ಸಾಲಾಗಿ. ಒಂದೊಂದರ ಸುತ್ತಲೂ ಮಂಜಿನ ನೀರು ಹನಿಗಟ್ಟಿತ್ತು.

ಜಾಲ ಯಾಕೆ, ಗಟ್ಟಿ ತಗಡಿನ ಪೆಟ್ಟಿಗೆ ಯಾಕಿಲ್ಲ ಅಂತ ಕೇಳಬಹುದು. ಒಂದು ಕಾರಣ ಗಾಳಿ. ಇಂಥ ಕಣಿವೆಯಲ್ಲಿ ಗಾಳಿ ಒಂದೇ ದಿಕ್ಕಿನಿಂದ, ಒಂದೇ ವೇಗದಲ್ಲಿ ಬರುವುದಿಲ್ಲ. ಕೆಳಗಿನಿಂದಲೂ ನುಗ್ಗುತ್ತದೆ. ಜಾಲದ ನಡುವೆ ಅದು ಹಾದು ಹೋಗಬಹುದು. ಇನ್ನೊಂದು ಕಾರಣ, ಜಾಲವನ್ನು ಸಣ್ಣ ತುಂಡುಗಳಾಗಿ ಬೆಟ್ಟದ ರಸ್ತೆಯಲ್ಲಿ ಹೊತ್ತು ತಂದು ಇಲ್ಲೇ ಜೋಡಿಸಬಹುದು. ಅಷ್ಟು ಅಗಲದ ಪೆಟ್ಟಿಗೆಯನ್ನು ನಿನ್ನೆ ನಾವು ನೋಡಿದಂಥ ತಿರುವುಗಳಲ್ಲಿ ತರುವುದು ಹೇಗೆ?

ಈ ಸೇತುವೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಗೋಪುರಗಳಿರುವ ಜಾಗ. ತೂಗುಸೇತುವೆ ಅಂದಾಗ ಎರಡು ಎತ್ತರದ ಕಂಬ, ಅವುಗಳ ಕಾಲುಗಳ ನಡುವೆ ರಸ್ತೆ, ಇದೇ ನಮ್ಮ ಕಣ್ಣಿಗೆ ಅಭ್ಯಾಸ. ಸುಳ್ಯದ ಸೇತುವೆಗಳೂ ಹಾಗೇ. ಐಝೈಯಲ್ಲಿ ಗೋಪುರಗಳು ರಸ್ತೆಯ ಮೇಲಿಲ್ಲ. ಅವು ಬೆಟ್ಟದ ಮೇಲೆ ನಿಂತಿವೆ. ಹೆದ್ದಾರಿ ಒಂದು ಸುರಂಗದಿಂದ ಹೊರಬಂದು, ಸೇತುವೆ ದಾಟಿ, ಆಚೆ ಬದಿಯ ಸುರಂಗದೊಳಗೆ ಹೊಕ್ಕುಬಿಡುತ್ತದೆ. ಗೋಪುರದಿಂದ ಗೋಪುರಕ್ಕೆ 1176 ಮೀಟರ್. ಆದರೆ ಉಕ್ಕಿನ ಜಾಲದ ಉದ್ದ ಬರೀ 1000 ಮೀಟರ್ ಚಿಲ್ಲರೆ. ಉಳಿದ ಜಾಗದಲ್ಲಿ ಕೇಬಲ್‌ಗಳು ಬರೀ ಬೆಟ್ಟದ ಮೈ ಮೇಲಿಂದ ಹಾದು ಹೋಗುತ್ತವೆ, ಕೆಳಗೆ ರಸ್ತೆಯೇ ಇಲ್ಲ. ಜಿಶೋ ಕಡೆಯ ಗೋಪುರ ಸುಮಾರು 129 ಮೀಟರ್ ಎತ್ತರ, ಎದುರು ಬದಿಯದು ಸುಮಾರು 62 ಮೀಟರ್. ಒಂದು ಇನ್ನೊಂದರ ಅರ್ಧಕ್ಕಿಂತ ಗಿಡ್ಡ! ಆಚೆ ಬದಿಯ ಬೆಟ್ಟ ಎತ್ತರವಿದ್ದುದರಿಂದ ಅಲ್ಲಿ ಅಷ್ಟೇ ಸಾಕಾಯಿತು. ಬೆಟ್ಟ ಎಷ್ಟು ಕೊಟ್ಟಿತೋ ಅಷ್ಟನ್ನು ತೆಗೆದುಕೊಂಡು, ಕಡಿಮೆ ಬಿದ್ದದ್ದನ್ನು ಮಾತ್ರ ಕಟ್ಟಿದ್ದಾರೆ. ಇದರಿಂದ ಬೆಟ್ಟವನ್ನು ಕಡಿಯುವುದೂ ಕಡಿಮೆಯಾಯಿತು.

ಕೇಬಲ್‌ಗಳ ತುದಿಯನ್ನು ಹಿಡಿದಿಡುವ ಕ್ರಮವೂ ಎರಡು ಬದಿಯಲ್ಲಿ ಬೇರೆ ಬೇರೆ. ಜಿಶೋ ಕಡೆ ಕಾಂಕ್ರೀಟಿನ ಭಾರೀ ಗಡ್ಡೆ ತನ್ನ ತೂಕದಿಂದಲೇ ಎಳೆದು ಹಿಡಿಯುತ್ತದೆ. ಎದುರು ಬದಿಯಲ್ಲಿ ಬೆಟ್ಟದೊಳಗೆ ಸುರಂಗ ಕೊರೆದು ಬಂಡೆಗೇ ಬಿಗಿದಿದ್ದಾರೆ. ಜಾಲ ಮುಗಿಯುವ ಎರಡು ತುದಿಗಳಲ್ಲಿ ಕೇಬಲನ್ನು ಕೆಳಗೆ ಬಂಡೆಗೆ ಕಟ್ಟಿಹಾಕುವ ಹಗ್ಗಗಳೂ ಇವೆ. ಅಲ್ಲಿನ ಬಂಡೆ ಲಂಗರುಗಳಲ್ಲಿ ಉಕ್ಕಿನ ಬದಲು ಕಾರ್ಬನ್ ನಾರಿನ ಹುರಿ ಬಳಸಿದರು. ಅದು ತುಕ್ಕು ಹಿಡಿಯುವುದಿಲ್ಲ. ಯಾವಾಗಲೂ ತೇವ ಇರುವ ಸುಣ್ಣಕಲ್ಲಿನೊಳಗೆ ಅದು ದೊಡ್ಡ ವಿಷಯ.

ಭಾವನ ಪ್ರಶ್ನೆ ನೇರವಾಗಿತ್ತು. "ಕೆಳಗೆ ಊರುಂಟು, ರಸ್ತೆ ಉಂಟು, ಹೊಳೆ ಉಂಟು. ಕ್ರೇನ್ ಎಲ್ಲಿ ಇಟ್ಟದ್ದು?"

ಕಣಿವೆಯ ತಳದಲ್ಲಿ ಕ್ರೇನ್ ಇಡಲೇ ಇಲ್ಲ. ಕೆಲಸ 2007ರಲ್ಲಿ ಶುರುವಾಯಿತು. ಗೋಪುರ ಎದ್ದ ಮೇಲೆ ಮುಖ್ಯ ಕೇಬಲ್‌ಗಳನ್ನು ಎಳೆದರು, ಅವುಗಳಿಂದ ತೂಗುಹಗ್ಗಗಳನ್ನು ಇಳಿಬಿಟ್ಟರು. ಇಷ್ಟು ಎಲ್ಲ ಕಡೆ ಮಾಡುವುದೇ. ಆಮೇಲೆ ಆ ತೂಗುಹಗ್ಗಗಳ ಕೆಳತುದಿಯಲ್ಲಿ, ಕಣಿವೆಯ ಈಚೆಯಿಂದ ಆಚೆಗೆ, ಇನ್ನಷ್ಟು ಉಕ್ಕಿನ ಹಗ್ಗಗಳನ್ನು ಬಿಗಿದು ಕಟ್ಟಿದರು. ಅವೇ ಹಳಿಗಳು. ಬೆಟ್ಟದ ಅಂಚಿನಲ್ಲಿ ಜೋಡಿಸಿದ ಜಾಲದ ತುಂಡುಗಳನ್ನು ಆ ಹಗ್ಗದ ಹಳಿಯ ಮೇಲೆ ಜಾರಿಸಿಕೊಂಡು ನಟ್ಟನಡುವಿಗೆ ತಂದು, ಎತ್ತಿ ಸಿಕ್ಕಿಸಿದರು. ನಡುವಿನಿಂದ ಶುರುಮಾಡಿ ಎರಡು ದಡಗಳ ಕಡೆಗೆ ಬಂದರು. ಈ ಕ್ರಮವನ್ನು ಇಲ್ಲಿಗೆಂದೇ ಕಂಡುಹಿಡಿದದ್ದು. ಇದಕ್ಕಿಂತ ಸ್ವಲ್ಪ ಮೊದಲು ಪಕ್ಕದ ಹುಬೈ ಪ್ರಾಂತದ ಸಿದುಹೆ ಸೇತುವೆಯಲ್ಲಿ ಮೊದಲ ಎಳೆ ದಾಟಿಸಲು ರಾಕೆಟ್ ಹಾರಿಸಿದ್ದರು. ತಳಕ್ಕೆ ಇಳಿಯಲಾಗದ ಕಣಿವೆಗಳಲ್ಲಿ ಎಲ್ಲ ಕೆಲಸ ಗಾಳಿಯಲ್ಲೇ ಆಗಬೇಕು. ಭಾವ ಇಷ್ಟನ್ನೂ ಕೇಳಿ, ಕೆಳಗೆ ನೋಡಿ, "ಅದರ ಮೇಲೆ ಕೆಲಸ ಮಾಡಿದ ಹುಡುಗರನ್ನು ನೆನೆಸಬೇಕು" ಅಂದರು.

ಹತ್ತೂವರೆ ಹೊತ್ತಿಗೆ ಮಂಜು ಹರಿಯಿತು. ಮೊದಲು ಪೇಟೆಯ ಮಾಡುಗಳು, ಆಮೇಲೆ ಹೊಳೆ, ಆಮೇಲೆ ಒಂದೇ ಸಲಕ್ಕೆ ಹಳೆಯ ರಸ್ತೆ ಇಡಿಯಾಗಿ. ಬಾವಿಕಟ್ಟೆ ಮೇಲೆ ಮಡಚಿಟ್ಟ ಹಗ್ಗದ ಹಾಗೆ ಬಿದ್ದುಕೊಂಡಿತ್ತು. ನಿನ್ನೆ ನಾವು ಅರ್ಧ ದಿನ ಇಳಿದ ಅಷ್ಟೂ ತಿರುವು ಅಂಗೈಯಷ್ಟು ಜಾಗದಲ್ಲಿ. ಕಂಚಿನ ಪ್ರತಿಮೆಯ ದಿಬ್ಬವನ್ನು ಭಾವ ಬೆರಳು ಮಾಡಿ ತೋರಿಸಿದರು. ಅಲ್ಲಿ ಒಂದು ಬಿಳಿ ವ್ಯಾನು ಸುತ್ತು ಹಾಕುತ್ತಿತ್ತು. ಅದು ಮುಂದಿನ ಎರಡು ತಿರುವು ಮುಗಿಸುವಷ್ಟರಲ್ಲಿ ನಮ್ಮ ತಲೆ ಮೇಲೆ ಎಷ್ಟು ಗಾಡಿಗಳು ಹೋದವೋ.

ಸೇತುವೆ ಸಂಚಾರಕ್ಕೆ ತೆರೆದದ್ದು 2012ರ ಮಾರ್ಚ್ 31ಕ್ಕೆ. ಕಣಿವೆ ದಾಟುವ ತೂಗುಸೇತುವೆಗಳಲ್ಲಿ ಆಗ ಜಗತ್ತಿನಲ್ಲೇ ಇದರದ್ದು ಅತಿ ಉದ್ದದ ಹಾರು, ಅಂದರೆ ಗೋಪುರದಿಂದ ಗೋಪುರಕ್ಕಿರುವ ಅಂತರ. ಈಗ ಆ ಪಟ್ಟ ಇದಕ್ಕಿಲ್ಲ. ಪಕ್ಕದ ಗುಯಿಝೌ ಪ್ರಾಂತದಲ್ಲಿ 2025ರ ಸೆಪ್ಟೆಂಬರ್ 28ರಂದು ಹುವಾಜಿಯಾಂಗ್ ಸೇತುವೆ ತೆರೆಯಿತು. ಬೇಪಾನ್ ನದಿಯಿಂದ 625 ಮೀಟರ್ ಎತ್ತರ, 1420 ಮೀಟರ್ ಹಾರು. ಎತ್ತರವೇ ಬೇಕು ಅನ್ನುವವರು ಅಲ್ಲಿಗೆ ಹೋಗಬಹುದು. ಆದರೆ ಒಂದೇ ಕಣಿವೆಯಲ್ಲಿ, ಒಂದೇ ನೋಟಕ್ಕೆ, ಕೈಯಲ್ಲಿ ಕಡಿದ ರಸ್ತೆಯೂ ಕೇಬಲಿನಲ್ಲಿ ತೂಗಿದ ರಸ್ತೆಯೂ ಸಿಗುವುದು ಐಝೈಯಲ್ಲಿ. ಹಳೆಯದನ್ನು ನಡೆಯದೆ ಹೊಸದನ್ನು ಮಾತ್ರ ನೋಡಿದ್ದರೆ ನನಗೆ ಇದು ಒಂದು ಎತ್ತರದ ಜಾಗ ಅಂತಷ್ಟೇ ಅನ್ನಿಸುತ್ತಿತ್ತು.

ಐದನೇ ದಿನ: ದೆಹಾಂಗ್

ಅದೇ ಕಣಿವೆಯ ಒಳಮೂಲೆಯಲ್ಲಿ ದೆಹಾಂಗ್ ಎಂಬ ಮಿಯಾವ್ ಹಳ್ಳಿ. ಕಲ್ಲು ಹಾಸಿದ ಓಣಿ, ಮರದ ಮನೆಗಳು, ಒಲೆಯ ಮೇಲೆ ಹೊಗೆ ಹಿಡಿಸಲು ತೂಗಿದ ಮಾಂಸ. ಹಳ್ಳಿಯಿಂದ ಗದ್ದೆಯಂಚು, ಹೊಳೆಯಂಚು ಹಿಡಿದು ನಡೆದರೆ ಲಿಯುಶಾ ಜಲಪಾತ. 216 ಮೀಟರ್ ಮೇಲಿಂದ ಬೀಳುತ್ತದೆ. ನವೆಂಬರಿನಲ್ಲಿ ನೀರು ಕಡಿಮೆ, ಅರ್ಧ ದಾರಿಯಲ್ಲೇ ಗಾಳಿಗೆ ಚದುರಿ ಮಳೆಯಾಗಿ ಇಳಿಯುತ್ತಿತ್ತು. ಜಾಸ್ತಿ ನೀರು ನೋಡಬೇಕಿದ್ದರೆ ಜೂನ್ ಹೊತ್ತಿಗೆ ಹೋಗಿ.

ಮಧ್ಯಾಹ್ನ ಒಂದು ಮನೆಯಲ್ಲಿ ಊಟ. ಭಾವನಿಗೆ ತೋಫು, ಬಿದಿರು ಕಳಲೆ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು ಸಿಕ್ಕಿತು. ಕಳಲೆ ನೋಡಿ ಅವರಿಗೆ ಊರು ಸಿಕ್ಕಷ್ಟು ಖುಷಿ. ಊಟದ ಹೊತ್ತಿಗೆ ಅಂಗಳದಲ್ಲಿ ಡೋಲು ಶುರುವಾಯಿತು. ಮಿಯಾವ್ ಡೋಲು ದೊಡ್ಡದು, ಅಡ್ಡ ಇಟ್ಟಿರುತ್ತಾರೆ. ಬಾರಿಸುವವರಲ್ಲಿ ಹೆಂಗಸರೇ ಜಾಸ್ತಿ, ಬಾರಿಸುತ್ತಲೇ ಕುಣಿಯುತ್ತಾರೆ. ಪ್ರವಾಸಿಗಳಿಗಾಗಿ ಮಾಡುವುದೇ ಹೌದು, ಆದರೆ ಬಾರಿಸಿದ ಅಜ್ಜಿಯ ಕೈಯಲ್ಲಿ ಇದ್ದದ್ದು ನಿಜವಾದ ಪೆಟ್ಟು. ಮನೆಯಾಕೆಯ ಮಗ ಮೊದಲು ಗುವಾಂಗ್‌ಡಾಂಗ್‌ನ ಕಾರ್ಖಾನೆಯಲ್ಲಿದ್ದವನು, ಈಗ ವಾಪಸ್ ಬಂದು ಅಡುಗೆಮನೆ ನೋಡಿಕೊಳ್ಳುತ್ತಾನೆ. ಮೇಲೆ ಗಾಡಿ ಓಡುವ ಸೇತುವೆಯಿಂದ ಕೆಳಗಿನ ಹಳ್ಳಿಗೆ ಏನು ಸಿಕ್ಕಿತು ಅಂತ ಯೋಚಿಸುತ್ತಿದ್ದ ನನಗೆ, ತಟ್ಟೆ ತಂದಿಟ್ಟ ಆ ಹುಡುಗನೇ ಒಂದು ಉತ್ತರ.

ಆರನೇ ದಿನ: ಚಾದೊಂಗ್‌ಗೆ

ಇಲ್ಲಿಯವರೆಗೆ ಸೇತುವೆಯ ಕೆಳಗೆ ನಿಂತೆವು, ಒಳಗೆ ನಡೆದೆವು. ಅದನ್ನು ಕಟ್ಟಿದ ಉದ್ದೇಶದಂತೆ ದಾಟಿದ್ದು ಈ ದಿನ. ಜಿಶೋದಿಂದ ಚಾದೊಂಗ್‌ಗೆ ಹೋಗುವ ಬಸ್ಸಿನಲ್ಲಿ ಬಲಗಡೆಯ ಕಿಟಕಿ ಹಿಡಿದು ಕೂತೆವು. ಸುರಂಗ, ತಟ್ಟನೆ ಬೆಳಕು, ಕೇಬಲಿನ ಇಳಿಜಾರು ಕಿಟಕಿಯ ಆಚೆ ಇಳಿದು ಮತ್ತೆ ಏರಿದ್ದು, ಮತ್ತೆ ಸುರಂಗ. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋದರೆ ಒಂದು ಕಿಲೋಮೀಟರ್ ಮುಗಿಯಲು 45 ಸೆಕೆಂಡು. ಹಳೆಯ ರಸ್ತೆಯಲ್ಲಿ ಅರ್ಧ ಗಂಟೆ ಬೇಕಾಗುತ್ತಿತ್ತು, ಅದೂ ಯಾವ ಗಾಡಿಯೂ ಕೆಟ್ಟು ನಿಲ್ಲದಿದ್ದರೆ. ಬಸ್ಸಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ತಲೆ ಎತ್ತಲಿಲ್ಲ. ಒಬ್ಬಾಕೆ ಮಗುವಿಗೆ ಕಿತ್ತಳೆ ಸುಲಿಯುತ್ತಿದ್ದಳು, ಸುಲಿದು ಮುಗಿಯುವ ಮೊದಲೇ ಕಣಿವೆ ಮುಗಿದಿತ್ತು.

"ಡ್ರೈವರಿಗೆ ಇದೇ ಬೇಕಾದ್ದು" ಅಂದರು ಭಾವ. "ದಾಟಿದ್ದು ಗೊತ್ತೇ ಆಗಬಾರದು."

ದಾರಿಯಲ್ಲಿ ಶಿಬಾದೊಂಗ್ ಹಳ್ಳಿಯ ಫಲಕ ಕಂಡಿತು. 2013ರ ನವೆಂಬರಿನಲ್ಲಿ ಷಿ ಜಿನ್‌ಪಿಂಗ್ ಬಂದು, ಬಡತನ ನಿವಾರಣೆ ಮನೆ ಮನೆ ಲೆಕ್ಕದಲ್ಲಿ ಆಗಬೇಕು ಅಂತ ಹೇಳಿದ ಹಳ್ಳಿ ಅದು. ನಾವು ಇಳಿಯಲಿಲ್ಲ.

ಚಾದೊಂಗ್ ಹುನಾನಿನ ಕೊನೆಯ ಊರು. ಹುನಾನ್, ಚೊಂಗ್‌ಚಿಂಗ್, ಗುಯಿಝೌ ಮೂರೂ ಇಲ್ಲಿ ಸೇರುತ್ತವೆ. ಊರಿನ ಪಕ್ಕದಲ್ಲಿ ಚಿಂಗ್‌ಶುಯಿ ಹೊಳೆ, ಹಸಿರು ನೀರು, ನಿಧಾನದ ಹರಿವು. ಆಚೆ ದಡ ಚೊಂಗ್‌ಚಿಂಗ್‌ಗೆ ಸೇರಿದ ಹೊಂಗಾನ್. ದಾಟಲು ಒಂದು ಹಗ್ಗದ ದೋಣಿ ಇದೆ. ಹೊಳೆಯ ಅಡ್ಡಕ್ಕೆ ಉಕ್ಕಿನ ಹಗ್ಗ ಕಟ್ಟಿದ್ದಾರೆ. ದೋಣಿಯವನಿಗೆ ಹುಟ್ಟು ಇಲ್ಲ, ಎಂಜಿನ್ ಇಲ್ಲ. ಅವನ ಕೈಯಲ್ಲಿ ಮೊಣಕೈ ಉದ್ದದ ಒಂದು ಮರದ ತುಂಡು, ಅದರಲ್ಲೊಂದು ಕಚ್ಚು. ಆ ಕಚ್ಚನ್ನು ಹಗ್ಗಕ್ಕೆ ಸಿಕ್ಕಿಸಿ, ಮೈ ಹಿಂದಕ್ಕೆ ವಾಲಿಸಿ ಎಳೆಯುತ್ತಾನೆ. ದೋಣಿ ಮುಂದೆ ಹೋಗುತ್ತದೆ. ಬಿಡಿಸುತ್ತಾನೆ, ಮುಂದೆ ಸಿಕ್ಕಿಸುತ್ತಾನೆ, ಮತ್ತೆ ಎಳೆಯುತ್ತಾನೆ. ಮರ ಸವೆದು ಕಚ್ಚಿನೊಳಗೆ ಕಪ್ಪಗೆ ಹೊಳೆಯುತ್ತಿತ್ತು.

ಭಾವ ಕೈಸನ್ನೆ ಮಾಡಿ ಆ ತುಂಡು ಕೇಳಿದರು. ದೋಣಿಯವ ಖುಷಿಯಿಂದ ಕೊಟ್ಟ. ಮೊದಲ ಎರಡು ಎಳೆತಕ್ಕೆ ಕಚ್ಚು ಜಾರಿತು, ಮೂರನೆಯದಕ್ಕೆ ಹಿಡಿಯಿತು. ಆಮೇಲೆ ಅರ್ಧ ಹೊಳೆ ಅವರೇ ಎಳೆದರು. ಉಕ್ಕಿನ ಹಗ್ಗದ ಒಂದು ಎಳೆ ಕಿತ್ತದ್ದು ಕಂಡು, ಇದನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸುತ್ತೀರಿ, ಗ್ರೀಸ್ ಹಾಕುತ್ತೀರಾ ಅಂತ ಕೇಳಲು ನನಗೆ ಹೇಳಿದರು. ದೋಣಿಯವ ಫೋನಿನ ಮೇಲೆ ಬಗ್ಗಿ ಓದಿ, ಗ್ರೀಸ್ ಹಾಕಿದರೆ ಕಚ್ಚು ಜಾರುವುದಿಲ್ಲವೇ ಅಂತ ತಿರುಗಿ ಕೇಳಿದ. ಇಬ್ಬರೂ ಜೋರಾಗಿ ನಕ್ಕರು. ಹೊಂಗಾನ್ ದಡದಲ್ಲಿ ಇಳಿದು, ತೋಫು ಮತ್ತು ಹುಳಿ ಸೊಪ್ಪಿನ ಸಾರಿನಲ್ಲಿ ಊಟ ಮುಗಿಸಿ, ಮೂರು ಗಂಟೆಯ ಶಿಯೂಶಾನ್ ಬಸ್ಸು ಹತ್ತಿದೆವು. ಅಲ್ಲಿಂದ ಚೊಂಗ್‌ಚಿಂಗ್‌ಗೆ ರೈಲು.